ಅಡುಗೆಮನೆಯ ಸ್ಪೀಕರ್

ಕೆಳಗಿನ ಮನೆಗೆ ಬಣ್ಣ ಹೊಡೆಸುತ್ತಿದ್ದೇವೆ. ಮೊನ್ನೆ ಪೇಂಟರ್ ಅಡುಗೆಮನೆ ಬಾಗಿಲಿನ ಮೇಲಿನ ತೂತಿನಿಂದ ಒಂದು ವೈರನ್ನು ಎಳೆದು, ಇದು ಕರೆಂಟಿನದಾ ಮೇಡಂ ಎಂದು ಕೇಳಿದ. ಒಂದೆಳೆ ಕೆಂಪು, ಒಂದೆಳೆ ಕಪ್ಪು. ವರ್ಷಗಟ್ಟಲೆ ಒಗ್ಗರಣೆ ಹೊಗೆ ಕುಡಿದು ಅಂಟಂಟಾಗಿತ್ತು. ಅಲ್ಲಪ್ಪ, ಸ್ಪೀಕರಿನದು ಅಂದೆ. ಅಡುಗೆಮನೆಯಲ್ಲಿ ಸ್ಪೀಕರಾ ಎಂದು ಅವನು ನಕ್ಕ. ನನಗೆ ನಗು ಬರಲಿಲ್ಲ.

ಒಂಟಿಕೊಪ್ಪಲಿನ ಈ ಮನೆಯ ಮಹಡಿಗೆ ನಾವು ಬಾಡಿಗೆಗೆ ಬಂದಾಗ ಕೆಳಗೆ ಓನರ್ ಅಂಕಲ್, ಆಂಟಿ ಇದ್ದರು. ಅಂಕಲ್‌ಗೆ ಸಿನಿಮಾ ಹುಚ್ಚು. ಭಾನುವಾರ ಸಂಜೆ ನಡುಮನೆಯಲ್ಲಿ ಡಿಸ್ಕ್ ಹಾಕಿಕೊಂಡು ಕೂತರೆ ಮುಗಿಯಿತು. ಆಂಟಿಗೋ, ಒಂದು ಕಡೆ ಕೂತು ಸಿನಿಮಾ ನೋಡುವುದು ಹಣೆಯಲ್ಲೇ ಬರೆದಿರಲಿಲ್ಲ. ಹಾಲು ಉಕ್ಕುತ್ತೆ, ಸಾರಿಗೆ ಹುಳಿ ಬಿಡಬೇಕು, ಏನೋ ಒಂದು ನೆವ. ಆದರೆ ಕಿವಿಯೆಲ್ಲ ನಡುಮನೆಯ ಕಡೆಗೇ. ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು, "ಏನಂದನ್ರೀ ಅವ್ನು?" ಅನ್ನುವರು. ಅಂಕಲ್ ಸಿಡುಕುತ್ತಲೇ ಡಿಸ್ಕ್ ನಿಲ್ಲಿಸಿ, ಅವನು ಏನಂದ, ಅವಳು ಏನಂದಳು ಎಲ್ಲ ಹೇಳಿ, ಮತ್ತೆ ಹಾಕುವರು. ಸ್ವಲ್ಪ ಹೊತ್ತಿಗೆ ಆಂಟಿ ಮತ್ತೆ ಹಾಜರ್.

ಆಮೇಲೆ ಹೋಂ ಥಿಯೇಟರ್ ಬಂತು. ದೇವರಾಜ ಮೊಹಲ್ಲಾದ ಅಂಗಡಿಯಿಂದ ಆಟೋದಲ್ಲಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಅಂಕಲ್ ಆ ಕಪ್ಪು ರಿಸೀವರ್ ತಂದಿದ್ದರು. ಆಯುಧಪೂಜೆಗೆ ಅದಕ್ಕೂ ಕುಂಕುಮ ಇಟ್ಟರು. ಮನೆಗೆ ಬಂದವರಿಗೆಲ್ಲ ಪಾಠ. ಒಳ್ಳೇ ಡಿಸ್ಕಿನಲ್ಲಿ ಸದ್ದು ಒಂದೇ ಗಂಟಾಗಿ ಇರುವುದಿಲ್ಲವಂತೆ, ಬೇರೆ ಬೇರೆಯಾಗಿ ಕಟ್ಟಿಟ್ಟಿರುತ್ತಾರಂತೆ. ರಿಸೀವರ್ ಅದು ಯಾವ ಥರದ್ದು ಅಂತ ತಾನೇ ಗುರುತು ಹಿಡಿದು, ಮುಖದ ಮೇಲೆ ದೀಪ ಹತ್ತಿಸಿ, ಗಂಟು ಬಿಚ್ಚಿ ಹಂಚುತ್ತದಂತೆ. ಮಾತೆಲ್ಲ ಟಿವಿ ಕೆಳಗಿನ ನಡು ಸ್ಪೀಕರಿಗೆ, ಹಾಡು ಎಡಬಲಕ್ಕೆ, ಮಳೆ ಗಾಳಿ ಜನರ ಗದ್ದಲ ಹಿಂದಿನ ಎರಡಕ್ಕೆ. ಎಲ್ಲಾದರೂ ಹಳೇ ಡಿಸ್ಕ್ ಹಾಕಿ ಆ ದೀಪ ಹತ್ತದಿದ್ದರೆ, ಹುಳುಕು ಬದನೆಕಾಯಿ ಕೈಗೆ ಬಂದವರ ಹಾಗೆ ಮುಖ ಮಾಡಿ, ಇದು ಬರೀ ಸ್ಟೀರಿಯೋ ಎಂದು ತೆಗೆದಿಡುವರು.

ಹಿಂದಿನ ಎರಡು ಸ್ಪೀಕರುಗಳಲ್ಲಿ ಒಂದನ್ನು ದಿವಾನದ ಹಿಂದೆ ಇಟ್ಟರು. ಇನ್ನೊಂದನ್ನು ಗೋಡೆ ಕೊರೆಸಿ, ವೈರ್ ಎಳೆಸಿ, ಅಡುಗೆಮನೆಯಲ್ಲಿ ಉಪ್ಪಿನಕಾಯಿ ಜಾಡಿಯ ಪಕ್ಕ ಕೂರಿಸಿದರು. ಪಾಪ, ಅವಳಿಗೂ ಕೇಳಿಸಲಿ ಎಂದರು. ನನಗೆ ಹೊಟ್ಟೆಕಿಚ್ಚಾಗಿತ್ತು, ಸುಳ್ಳು ಯಾಕೆ ಹೇಳಲಿ.

ಅಲ್ಲಿಂದ ಪ್ರತಿ ಭಾನುವಾರ ಮಹಡಿಗೆ ಕೇಳುತ್ತಿದ್ದುದು ಅದೇ ಎರಡು ಮಾತು.

"ಕೇಳಿಸ್ತೇನೇ?"

"ಹೂಂ, ಕೇಳಿಸ್ತು."

ಆಂಟಿ ಬಾಗಿಲಿಗೆ ಬರುವುದು ನಿಂತೇಹೋಯಿತು. ಏನಂದ ಅಂತ ಈಗ ಕೇಳುವುದೇ ಇಲ್ಲ ನೋಡು ಎಂದು ಅಂಕಲ್ ನನ್ನ ಹತ್ತಿರ ಹೇಳಿಕೊಂಡು ಹಿಗ್ಗಿದ್ದರು. ಒಂದು ಸಲ ನಾನೂ ಆಂಟಿಯೂ ಅವರೆಕಾಳು ಹಿದುಕುತ್ತಾ ಕೂತಿದ್ದಾಗ ಅವರು ಹೇಳಿದ್ದರು, "ಈಗಿನ ಪಿಕ್ಚರಲ್ಲಿ ಮಾತೇ ಕಮ್ಮಿ ಕಣಮ್ಮ. ಬರೀ ಮಳೆ, ಜನಗಳ ಗಲಾಟೆ. ಅದೂ ಚೆನ್ನಾಗೇ ಇರುತ್ತೆ ಬುಡು." ಸಿನಿಮಾದವರನ್ನು ಬೈಯುತ್ತಿದ್ದಾರೆ ಅಂದುಕೊಂಡು ನಾನೂ ತಲೆಯಾಡಿಸಿದೆ...

ಆಂಟಿ ಹೆಚ್ಚು ನರಳದೆ ಹೋಗಿಬಿಟ್ಟರು. ಎಷ್ಟೋ ತಿಂಗಳು ಕೆಳಗೆ ಸದ್ದೇ ಇರಲಿಲ್ಲ. ಒಂದು ಭಾನುವಾರ ಮತ್ತೆ ಸಿನಿಮಾ ಶುರುವಾಯಿತು. ಸದ್ಯ, ಚೇತರಿಸಿಕೊಂಡರು ಅನ್ನುವಷ್ಟರಲ್ಲಿ ಮೆಟ್ಟಿಲ ಹತ್ತಿರ ನನ್ನನ್ನು ಕೂಗಿದರು. ಇಳಿದು ಹೋದರೆ ಅಂಕಲ್ ಅಡುಗೆಮನೆಯಲ್ಲಿ ನಿಂತಿದ್ದಾರೆ. ಕಾಫಿಗಿಟ್ಟ ಹಾಲು ಉಕ್ಕಿ ಒಲೆಯೆಲ್ಲ ಹರಿದಿದೆ. ನಾನು ಗ್ಯಾಸ್ ಆರಿಸಿದೆ. ನಡುಮನೆಯ ಟಿವಿಯಲ್ಲಿ ಗಂಡಹೆಂಡತಿ ಜೋರಾಗಿ ಜಗಳವಾಡುತ್ತಿದ್ದರು. ಇಲ್ಲಿ, ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲಿ, ಬರೀ ಮಳೆ ಸುರಿಯುತ್ತಿತ್ತು. ಅವರ ಒಂದು ಮಾತೂ ಆ ಮಳೆ ದಾಟಿ ಬರುತ್ತಿರಲಿಲ್ಲ.

"ಇಷ್ಟೇನಾ ಅವಳಿಗೆ ಕೇಳಿಸ್ತಿದ್ದಿದ್ದು?" ಅಂದರು.

ರಿಸೀವರಿನದೇನೂ ತಪ್ಪಿರಲಿಲ್ಲ. ಮಾತನ್ನು ಮುಂದಕ್ಕೆ, ಮಳೆಯನ್ನು ಹಿಂದಕ್ಕೆ ಸರಿಯಾಗಿಯೇ ಹಂಚಿತ್ತು. ಅಂಕಲ್ ಹಿಂದಿನದನ್ನು ಅಡುಗೆಮನೆಗೆ ಕೊಟ್ಟಿದ್ದರು, ಅಷ್ಟೆ. ಎಲ್ಲ ಸ್ಪೀಕರಿಗೂ ಎಲ್ಲ ಸದ್ದೂ ಹೋಗುವ ಬಟನ್ ಒಂದು ರಿಮೋಟಿನಲ್ಲೇ ಇತ್ತಂತೆ. ಅದನ್ನು ಒತ್ತಿದರೆ ಡಿಸ್ಕಿನ ಸೊಗಸೆಲ್ಲ ಹಾಳು ಅಂತ ಅವರು ಒಂದು ದಿನವೂ ಒತ್ತಿರಲಿಲ್ಲ.

"ಸ್ಪೀಕರ್ ಇಲ್ದಾಗ ಬಾಗ್ಲಿಗಾದ್ರೂ ಬರ್ತಿದ್ಲು. ನಾನೇ ಒಳಗೆ ಕೂರಿಸ್ಬುಟ್ಟೆ ಕಣಮ್ಮ. ಮತ್ಯಾಕೆ ಹೂಂ ಅಂತಿದ್ಲು?"

ನಾನು ಬಟ್ಟೆ ತೆಗೆದುಕೊಂಡು ಉಕ್ಕಿದ ಹಾಲು ಒರೆಸಿದೆ. ಮತ್ತೆಂದೂ ಆ ರಿಸೀವರಿನ ದೀಪ ಹತ್ತಿದ್ದನ್ನು ನಾನು ನೋಡಲಿಲ್ಲ.

ಅಂಕಲ್ ಕೂಡ ಹೋದ ಮೇಲೆ ಅವರ ತಮ್ಮ ಮನೆ ಮಾರಿದರು, ನಾವೇ ಕೊಂಡೆವು. ಪೇಂಟರ್ ಆ ತೂತಿಗೆ ಪುಟ್ಟಿ ಮೆತ್ತಲಾ ಎಂದಾಗ ಮೆತ್ತಪ್ಪ ಅಂದೆ. ಆ ವೈರ್ ಇಟ್ಟುಕೊಂಡು ಯಾರಿಗೆ ಏನು ಕೇಳಿಸಬೇಕಾಗಿದೆ.

ನಿನ್ನೆ ಸಂಜೆ ಕೆಳಗಿನ ಅಡುಗೆಮನೆಯಲ್ಲಿ ಹೊಸ ಬಣ್ಣದ ವಾಸನೆಯಲ್ಲೇ ಚಪಾತಿ ಲಟ್ಟಿಸುತ್ತಿದ್ದೆ. ನಮ್ಮವರು ನಡುಮನೆಯಲ್ಲಿ ಏನೋ ನೋಡುತ್ತಿದ್ದರು. ಯಾರೋ ಏನೋ ಅಂದರು, ಇವರು ಗೊಳ್ಳೆಂದು ನಕ್ಕರು. ಏನಂದರು ಎಂದು ಬಾಗಿಲಿಗೆ ಹೋಗಿ ಕೇಳೋಣ ಅನ್ನಿಸಿತು, ಹೋಗಲಿಲ್ಲ. ಕೇಳಿಸ್ತಾ ಅಂತ ಇವರು ನನ್ನನ್ನು ಇದುವರೆಗೂ ಕೇಳಿದವರಲ್ಲ. ಕೇಳಿದ್ದರೆ, ಒಂದಕ್ಷರ ಕೇಳಿಸದಿದ್ದರೂ ಹೂಂ ಅಂತಲೇ ಅನ್ನುತ್ತಿದ್ದೆ. ಅಂಕಲ್‌ಗೆ ಅವತ್ತು ಇಷ್ಟನ್ನು ಹೇಳಬಹುದಿತ್ತು... ಆಗ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ, ಅಂಕಲ್ ಇಲ್ಲ.