ಸೊಪ್ಪು ತೊಳೆಯಲೊಂದು ಸಿಂಕು

ಮಧುಗಿರಿಯ ನಮ್ಮ ಮನೆಯ ಅಡುಗೆಕೋಣೆಯನ್ನು ಹಿಂದಕ್ಕೆ ಬೆಳೆಸಿ ಹೊಸದಾಗಿ ಕಟ್ಟಿಸುವಾಗ, ಅದರಲ್ಲಿ ಎರಡು ಸಿಂಕು ಇರಲೇಬೇಕೆಂದು ನಾನು ಹಟ ಹಿಡಿದೆ. ಪಾತ್ರೆ ತೊಳೆಯಲು ದೊಡ್ಡದೊಂದು ಹೇಗೂ ಇರುತ್ತದೆ. ಸೊಪ್ಪು, ತರಕಾರಿ, ಅಕ್ಕಿ, ಬೇಳೆಗೆಂದೇ ಬೇರೆ ಒಂದು. ತುಮಕೂರಿನಲ್ಲಿ ಸಹೋದ್ಯೋಗಿಯೊಬ್ಬರ ಮನೆಗೆ ಹೋಗಿದ್ದಾಗ ಅಂಥದ್ದನ್ನು ನೋಡಿದ್ದೆ. ಆಕೆ ಅದರಲ್ಲಿ ಟೊಮೆಟೊ ತೊಳೆದ ಗತ್ತು ನೋಡಿದ ಮೇಲೆ, ನಾನು ಇಷ್ಟು ವರ್ಷ ತೊಳೆದ ಟೊಮೆಟೊಗಳೆಲ್ಲ ತೊಳೆದ ಲೆಕ್ಕಕ್ಕೇ ಬರುವುದಿಲ್ಲ ಅನ್ನಿಸಿಬಿಟ್ಟಿತು.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಉದ್ದ, ಅಗಲ, ಆಳದ ವಿಷಯದಲ್ಲಿ ಯಾರನ್ನೂ ಕೇಳಬೇಕಿಲ್ಲ ಎಂಬ ಜಂಬ ನನಗೆ ಮೊದಲಿನಿಂದಲೂ ಉಂಟು. ಗಂಡ, "ನಿಂಗೆ ಹೆಂಗೆ ಬೇಕೋ ಹಂಗೆ ಮಾಡಿಸ್ಕೊ" ಎಂದು ಮೊಬೈಲಿಗೆ ಮರಳಿದರು. ಉಳಿದವರು ಅತ್ತೆ. ಅವರು ಪಟ್ಟನಾಯಕನಹಳ್ಳಿ ಕಡೆಯವರು. ನಾನು ಸ್ಕೂಲಿಗೆ ಹೊರಡುವ ಹೊತ್ತಿಗೆ ಸೊಪ್ಪು ಬಿಡಿಸಿ, ತೊಳೆದು, ತರಕಾರಿ ಹೆಚ್ಚಿ ಕೊಡುತ್ತಿದ್ದವರು ಅವರೇ. ಹೀಗಾಗಿ ಅವರನ್ನೂ ಕೇಳಿದೆ. ಕೇಳಿದೆ ಅನ್ನುವುದಕ್ಕಿಂತ, ತಿಳಿಸಿದೆ.

"ಎಲ್ಲಾದ್ರೂ ಇಕ್ಕಿಸ್ಕಳಮ್ಮ. ನಾನೇನು ನಿಂತ್ಕಂಡು ತೊಳೀತೀನಾ?" ಎಂದರು.

ಒಪ್ಪಿಗೆ ಸಿಕ್ಕಿತೆಂದುಕೊಂಡೆ.

ಸಿಂಕು ತರಲು ಸಿರಾಕ್ಕೆ ಹೋದೆ. ಅಲ್ಲಿನ ಅಂಗಡಿಯೊಂದರಲ್ಲಿ ಬಗೆಬಗೆಯವು ಸಿಗುತ್ತವೆಂದು ಯಾರೋ ಹೇಳಿದ್ದರು. ಬರೀ ಟೇಪು ಹಿಡಿದು ಹೋದರೆ ಸಾಲದು, ನಮ್ಮ ಮನೆಯ ಪಾತ್ರೆಯೇ ಅದರೊಳಗೆ ಕೂತು ನೋಡಬೇಕು ಅನ್ನಿಸಿ, ಅಕ್ಕಿ ತೊಳೆಯುವ ದೊಡ್ಡ ಸ್ಟೀಲ್ ಬೇಸಿನ್ನನ್ನು ಜೊತೆಗೆ ತೆಗೆದುಕೊಂಡೆ. ಅದು ಯಾವ ಚೀಲಕ್ಕೂ ಹಿಡಿಯಲಿಲ್ಲ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತೆ. ಪಕ್ಕದ ಸೀಟಿನ ಅಜ್ಜಿ ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ತಗ್ಗಿದ ದನಿಯಲ್ಲಿ, "ವಾಂತಿ ಬತ್ತದೇನವ್ವ? ಕಿಟಕಿ ತಾವ ಬಾ" ಎಂದು ತನ್ನ ಜಾಗ ಬಿಟ್ಟುಕೊಟ್ಟಳು. ಇಲ್ಲ, ಇದು ಸಿಂಕಿನ ಅಳತೆಗೆ ಎಂದು ವಿವರಿಸುವುದಕ್ಕಿಂತ ವಾಂತಿಯೇ ಸುಲಭವೆಂದು ಕಿಟಕಿಯ ಬಳಿ ಹೋಗಿ ಕೂತೆ.

ಸಿರಾದಲ್ಲಿ ಇಳಿದು, ಬಸ್‌ಸ್ಟ್ಯಾಂಡಿನ ಹತ್ತಿರ ದಂಟಿನ ಸೊಪ್ಪಿನ ಕಟ್ಟುಗಳನ್ನೂ ಕೊಂಡೆ. ಬೇಸಿನ್ನು ಅಕ್ಕಿಗೆ ಸರಿ, ಸೊಪ್ಪಿನ ಅಂದಾಜು ಸೊಪ್ಪಿನಿಂದಲೇ ಸಿಗಬೇಕಲ್ಲ. ಅಂಗಡಿಯಲ್ಲಿ ಸಾಲಾಗಿ ಒರಗಿಸಿದ್ದ ಸಿಂಕುಗಳನ್ನು ನೆಲಕ್ಕೆ ಮಲಗಿಸಿ, ಒಂದೊಂದರಲ್ಲೂ ಬೇಸಿನ್ನು ಇಟ್ಟು ತಿರುಗಿಸಿದೆ, ಆಮೇಲೆ ಸೊಪ್ಪು ಹರಡಿದೆ. ಗುಂಡಗಿನದರಲ್ಲಿ ದಂಟುಗಳು ಹೊರಗೆ ಚಾಚಿಕೊಂಡವು. ಚಿಕ್ಕದರಲ್ಲಿ ಬೇಸಿನ್ನು ಸಿಕ್ಕಿಕೊಂಡು ಎಳೆದರೂ ಬರಲಿಲ್ಲ. ಅಂಗಡಿಯ ಸಾಹೇಬರು ಅದನ್ನು ತಲೆಕೆಳಗು ಮಾಡಿ ತಟ್ಟಿ ಬಿಡಿಸಿಕೊಟ್ಟರು.

"ಮೇಡಂ, ಆರಾಮಾಗಿ ನೋಡಿ, ಜಲ್ದಿ ಏನಿಲ್ಲ" ಎಂದರು ನಗು ತಡೆದುಕೊಂಡು. "ಇಷ್ಟು ದಿವ್ಸದಲ್ಲಿ ಸಿಂಕ್‌ಗೆ ಸೊಪ್ಪು ತಿನ್ಸಿದ್ದು ನೀವೇ ಫಸ್ಟು."

ಕೊನೆಗೆ ಚೌಕದ್ದೊಂದನ್ನು ಆರಿಸಿದೆ. ಬೇಸಿನ್ನು ಇಟ್ಟರೆ ಸುತ್ತ ಕೈ ಆಡುವಷ್ಟು ಜಾಗ, ಆಳ ಮಣಿಕಟ್ಟಿನವರೆಗೆ. ಈಗಲೂ ಹೇಳುತ್ತೇನೆ, ಅಳತೆಯಲ್ಲಿ ನಾನು ತಪ್ಪಲಿಲ್ಲ. ಇಡೀ ಕಥೆಯಲ್ಲಿ ನನ್ನ ಪಾಲಿಗಿರುವ ಮರ್ಯಾದೆ ಇದೊಂದೇ ಆದ್ದರಿಂದ ಒತ್ತಿ ಹೇಳುತ್ತಿದ್ದೇನೆ.

ಎಡವಿದ್ದು ಜಾಗದಲ್ಲಿ. ಹೊಸ ಅಡುಗೆಕೋಣೆಯ ಒಂದು ಕಿಟಕಿಯಿಂದ ಮಧುಗಿರಿ ಬೆಟ್ಟ ಪೂರ್ತಿ ಕಾಣುತ್ತದೆ. ಹುಟ್ಟಿದಾಗಿನಿಂದ ನೋಡುತ್ತಿರುವ ಬೆಟ್ಟವೇ. ಆದರೂ ಅದರ ಎದುರು ನಿಂತು, ತಣ್ಣನೆಯ ನೀರಿನಲ್ಲಿ ಕೊತ್ತಂಬರಿ ಆಡಿಸುತ್ತಿರುವ ನನ್ನನ್ನು ನಾನೇ ಕಲ್ಪಿಸಿಕೊಂಡು ಮರುಳಾಗಿದ್ದೆ. ಆ ಕಲ್ಪನೆಯಲ್ಲಿ ನನ್ನ ಸೀರೆ ಇಸ್ತ್ರಿಯಾಗಿತ್ತು, ಒಂಬತ್ತರ ಗಡಿಬಿಡಿ ಇರಲಿಲ್ಲ.

ಕೆಲಸಕ್ಕಿದ್ದ ಮೇಸ್ತ್ರಿ ಪಾವಗಡದ ಕಡೆಯವನು, ಮಾತಿನಲ್ಲಿ ತೆಲುಗು ಬೆರೆಯುತ್ತಿತ್ತು. "ಒಲೆ ಆ ಮೂಲೇಗೈತೆ, ಇದು ಈ ಮೂಲೇಗಂದ್ರೆ ಎಟ್ಲಾ ಅಕ್ಕಾ?" ಎಂದ.

"ನೀನು ಇಡಪ್ಪ. ಅಡುಗೆ ಮಾಡೋಳು ನಾನು" ಎಂದೆ.

ಅವನು ಕಿಟಕಿಯ ಕೆಳಗೆ ಕಪ್ಪು ಗ್ರಾನೈಟು ಕೊರೆದು ಕೂರಿಸಿಕೊಟ್ಟ.

ಮೊದಲ ಭಾನುವಾರ ಕೊತ್ತಂಬರಿ ಹಿಡಿದು ಕಿಟಕಿಯ ಮುಂದೆ ನಿಂತೆ. ನಲ್ಲಿ ಬಿಟ್ಟೆ. ಬೆಟ್ಟ ನೋಡಿದೆ. ಬಂಡೆಯ ಮೇಲೆ ಮೋಡದ ನೆರಳು ಜಾರುತ್ತಿತ್ತು. ಎಷ್ಟು ಹೊತ್ತು ನೋಡಿದೆನೋ, ಬಚ್ಚಲಿನಿಂದ ಗಂಡನ ಕೂಗು ಕೇಳಿಸಿತು: "ಲೇ, ನೀರೇ ನಿಂತೋಯ್ತಲ್ಲೇ! ಕಣ್ಣೆಲ್ಲಾ ಸೋಪು!" ಟ್ಯಾಂಕು ಖಾಲಿಯಾಗಿತ್ತು. ಪಕ್ಕದ ಮನೆಯಿಂದ ಬಿಂದಿಗೆಯಲ್ಲಿ ನೀರು ತಂದುಕೊಟ್ಟೆ.

ಟ್ಯಾಂಕಿನದು ಒಂದು ಕಡೆ. ತೊಳೆದ ಸೊಪ್ಪನ್ನು ಒಲೆಯ ಹತ್ತಿರ ಒಯ್ಯಲು ಕೋಣೆಯ ಉದ್ದಕ್ಕೂ ನಡೆಯಬೇಕಿತ್ತು, ದಾರಿಯುದ್ದಕ್ಕೂ ನೀರು ಸೋರುತ್ತಿತ್ತು. ಆಮೇಲೆ ಅದನ್ನು ಹೆಚ್ಚುವುದೆಲ್ಲಿ? ರಜೆಯಲ್ಲೂ ಸಂಜೆಯಲ್ಲೂ ಆ ಕೆಲಸ ನನ್ನದೇ. ನನಗೆ ನಿಂತು ಚಾಕುವಿನಲ್ಲಿ ಹೆಚ್ಚಿ ಅಭ್ಯಾಸವಿಲ್ಲ. ನೆಲದ ಮೇಲೆ ಕೂತು, ಈಳಿಗೆಮಣೆ ಮುಂದಿಟ್ಟುಕೊಂಡರೇ ಕೈ ಓಡುವುದು. ನೆಲದ ಮೇಲೆ ಕೂತ ಮೇಲೆ ಇನ್ನೊಂದು ಬದನೆಕಾಯಿ ತೊಳೆಯಲು ಎದ್ದುಹೋಗುವ ತಾಳ್ಮೆ ಯಾರಿಗಿದೆ? ಮೊದಲಿನ ಹಾಗೆಯೇ ಪಕ್ಕದಲ್ಲಿ ನೀರಿನ ಪಾತ್ರೆ ಇಟ್ಟುಕೊಂಡು ಅದರಲ್ಲೇ ಅದ್ದತೊಡಗಿದೆ. ಅತ್ತೆ ಹೊಸ ಸಿಂಕನ್ನು ತಿರುಗಿಯೂ ನೋಡದೆ ಹಿತ್ತಲಿನ ಮೆಟ್ಟಿಲ ಮೇಲೆ ಕೂತು ಪ್ಲಾಸ್ಟಿಕ್ ಟಬ್ಬಿನಲ್ಲಿ ಸೊಪ್ಪು ಜಾಲಿಸುತ್ತಿದ್ದರು. ನಾನು ಕಂಡೂ ಕಾಣದಂತಿದ್ದೆ.

ಹೊಸ ಅಡುಗೆಕೋಣೆಯ ಪೂಜೆಗೆ ಬರಲಾಗದಿದ್ದ ಟೀಚರುಗಳು ಒಂದು ಶನಿವಾರ ಮಧ್ಯಾಹ್ನ ಅದನ್ನು ನೋಡಲು ಬಂದರು. ಎರಡನೆಯ ಸಿಂಕು ಯಾಕೆಂದು ಒಬ್ಬಾಕೆ ಕೇಳಿದ್ದೇ ತಡ, ಪಾಠ ಶುರುಮಾಡಿದೆ. ಎಂಜಲು ಪಾತ್ರೆಯ ಸಿಂಕಿನಲ್ಲಿ ತರಕಾರಿ ತೊಳೆಯುವುದು ಎಷ್ಟು ಅಸಹ್ಯ, ಇದು ಎಷ್ಟು ಅನುಕೂಲ, ಇದಿಲ್ಲದೆ ಈಗ ನನಗೆ ಕೈಕಾಲೇ ಆಡುವುದಿಲ್ಲ ಎಂದೆಲ್ಲ. ಹೇಳುತ್ತಲೇ ಸಿಂಕಿನ ಮೇಲೆ ಮುಚ್ಚಿದ್ದ ತಟ್ಟೆಯನ್ನು ಸರಿಸಿದೆ. ಒಳಗೆ ಗಂಟಲವರೆಗೆ ಈರುಳ್ಳಿ, ಆಲೂಗೆಡ್ಡೆ. ಕೆಲವು ಈರುಳ್ಳಿ ಮೊಳಕೆಯೊಡೆದು ಬೆಟ್ಟದ ಕಡೆ ಕತ್ತು ನೀಡಿದ್ದವು. ಟೀಚರುಗಳು ನಕ್ಕ ನಗು ಸೋಮವಾರದ ಹೊತ್ತಿಗೆ ಸ್ಟಾಫ್ ರೂಮಿನ ತುಂಬ ಹರಡಿತ್ತು.

ಅವರೆಕಾಯಿ ಕಾಲ ಬಂತು. ನೆನೆಸಿದ ಕಾಳನ್ನು ಹಿತುಕಿ ಸಿಪ್ಪೆ ಬಿಡಿಸಲು ಅತ್ತೆ ಬೆಳಗ್ಗೆಯೇ ಹಿತ್ತಲ ಮೆಟ್ಟಿಲ ಮೇಲೆ ಕೂತವರು, ಮುಗಿದ ಮೇಲೆ ಏಳಲು ಹೋದರೆ ಆಗಲಿಲ್ಲ. ಮಂಡಿ ಮಡಚಿದ್ದು ಮಡಚಿದಂತೆಯೇ ಇತ್ತು. ನಾನೂ ಗಂಡನೂ ಆಚೀಚೆ ಹಿಡಿದು ಎತ್ತಿದೆವು. ಅವರು ಅರ್ಧ ಎದ್ದು ಮತ್ತೆ ಕುಸಿದು ಕೂತರು. "ಬುಟ್ಬುಡ್ರಪ್ಪ ನನ್ನ. ಇಲ್ಲೇ ಕುಂತಿರ್ತೀನಿ, ಸಾರು ಇಲ್ಲಿಗೇ ತಂದ್ಕೊಡ್ರಿ" ಎಂದು ನಕ್ಕರು. ನಗುವಾಗಲೇ ಕಣ್ಣಲ್ಲಿ ನೀರು ಬಂತು. ನೋವಿಗೆ ಬಂದ ನೀರು.

ಡಾಕ್ಟರು ನೆಲದ ಮೇಲೆ ಕೂರಬಾರದು, ಬಹಳ ಹೊತ್ತು ನಿಲ್ಲಲೂಬಾರದು ಎಂದರು. ಅತ್ತೆ ಹಾಲ್‌ನ ಕುರ್ಚಿಗೆ ಬಂದರು. ಟೀವಿ ಹಾಕಿದರೆ ನೋಡುತ್ತಿದ್ದರು, ಆರಿಸಿದರೂ ಅತ್ತಲೇ ನೋಡುತ್ತಿದ್ದರು. ಒಂದು ಶನಿವಾರ ಬೆಳಗ್ಗೆ ಸ್ಕೂಲಿಗೆ ತಡವಾಯಿತೆಂದು, ಸೊಪ್ಪನ್ನು ಅರೆಬರೆ ತೊಳೆದು ಬೇಯಲು ಹಾಕಿದೆ. ಮಧ್ಯಾಹ್ನ ಸ್ಕೂಲು ಬಿಟ್ಟು ಬಂದು ಊಟಕ್ಕೆ ಕೂತಾಗ ಮರಳು ಸಿಕ್ಕಿತು. ಗಂಡ ತುತ್ತನ್ನು ಬಾಯಲ್ಲೇ ನಿಲ್ಲಿಸಿಕೊಂಡರು. ಅತ್ತೆ ತುತ್ತು ನುಂಗಿ, ಮಡಿಲಲ್ಲಿಟ್ಟುಕೊಂಡ ಕೈಗಳನ್ನೇ ನೋಡುತ್ತ ಕೂತರು. ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಅವತ್ತು ಸಂಜೆ, ಅವರ ಪಕ್ಕ ಕೂತು ಕೇಳಿದೆ. ಈ ಸಲ ನಿಜವಾಗಿಯೂ ಕೇಳಿದೆ.

"ಅತ್ತೆ, ಸಿಂಕು ನಿಮಗೆ ಎಲ್ಲಿರಬೇಕಿತ್ತು?"

ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ಹಿತ್ಲು ಬಾಗಿಲ ತಾವ. ಕುರ್ಚಿ ಮ್ಯಾಲೆ ಕುಂತ್ರೆ ಮಡಿಲ ಮಟ್ಟಕ್ಕೆ ಬರ್ಬೇಕು. ಸೊಪ್ಪಿನ ಕಸ ಹಂಗೇ ಆಚೆ ಎಸೀಬೋದು, ಹಿಂದ್ಲ ಬೀದೀಲಿ ಹೋಗೋರು ಬರೋರು ಕಾಣ್ತಾರೆ. ಒಲೇನೂ ಅಲ್ಲೇ ಕೈಯಳತೇಗೆ ಸಿಕ್ತದೆ."

"ಕಟ್ಟಿಸುವಾಗಲೇ ಯಾಕೆ ಹೇಳಲಿಲ್ಲ?"

"ನೀನು ಬೇಸಿನ್ನು ಹೊತ್ಕಂಡು ಸಿರಾಕ್ಕೆ ಹೊಂಟಿದ್ದೆ ಕಣಮ್ಮ. ನಿನ್ನ ಹೆಂಗೆ ತಡೀಲಿ?"

ಮೇಸ್ತ್ರಿಯನ್ನು ಮತ್ತೆ ಕರೆಸಿದೆ. ಅವನು ಬಂದು, ಕಿಟಕಿಯನ್ನೂ ನನ್ನನ್ನೂ ನೋಡಿ, ದೊಡ್ಡ ಮನಸ್ಸು ಮಾಡಿ ನೇರ ಅಳತೆಗೆ ಇಳಿದ. ಅತ್ತೆಯನ್ನು ಕುರ್ಚಿ ಸಮೇತ ಹಿತ್ತಲ ಬಾಗಿಲ ಬಳಿ ಕೂರಿಸಿ, ಅವರ ಮಡಿಲಿನ ಎತ್ತರಕ್ಕೆ ಗೋಡೆಯ ಮೇಲೆ ಗುರುತು ಹಾಕಿಕೊಂಡೆವು. ಅದೇ ಸಿಂಕನ್ನು ಕಿಟಕಿಯಿಂದ ಕಿತ್ತು ಅಲ್ಲಿ ತಗ್ಗಾಗಿ ಕೂರಿಸಿ, ಕಾಲು ಚಾಚಲೆಂದು ಕೆಳಗೆ ಖಾಲಿ ಬಿಟ್ಟೆವು. ಕಿಟಕಿಯ ಕೆಳಗಿನ ತೂತಿಗೆ ಅದೇ ಬಣ್ಣದ ಕಲ್ಲು ಸಿಗದೆ ಕೆಂಪಗಿನದೊಂದು ತುಂಡು ಹಾಕಿಸಿದ್ದೇವೆ. ಬಂದವರೆಲ್ಲ ಅದನ್ನು ಡಿಸೈನ್ ಅಂದುಕೊಳ್ಳುತ್ತಾರೆ, ನಾನು ತಿದ್ದುವುದಿಲ್ಲ.

ಈಗ ಬೆಳಗ್ಗೆ ಅತ್ತೆ ಕಾಫಿ ಕುಡಿದು ಆ ಕುರ್ಚಿಗೆ ಬಂದರೆ ಅಡುಗೆಕೋಣೆ ಅವರ ಕೈಗೆ ಹೋದಂತೆ. ಸೊಪ್ಪು ಜಾಲಿಸುತ್ತ ಬೀದಿಯವರನ್ನು ಮಾತಾಡಿಸುತ್ತಾರೆ, ಅದರ ನಡುವೆ ನನ್ನ ಒಗ್ಗರಣೆ ಸೀಯುತ್ತಿದೆಯೆಂದು ಎಚ್ಚರಿಸುತ್ತಾರೆ. ನಾನೇನಾದರೂ ತೊಳೆಯಬೇಕಾದರೆ ಸೊಂಟ ಬಗ್ಗಿಸಿ ನಿಲ್ಲಬೇಕು. ನೋವೆಂದರೆ, "ಕುರ್ಚಿ ತಂದ್ಕ" ಎನ್ನುತ್ತಾರೆ.

ಮೊನ್ನೆ ಕೊರಟಗೆರೆಯಿಂದ ಅವರ ತಂಗಿ ಬಂದಿದ್ದರು. ಅವರಿಗೂ ಮಂಡಿನೋವು. ಅತ್ತೆ ತಂಗಿಯನ್ನು ಕುರ್ಚಿಯಲ್ಲಿ ಕೂರಿಸಿ, ಕೈ ಎಲ್ಲಿಗೆ ಬರಬೇಕು, ನಲ್ಲಿ ಯಾವ ಕಡೆ ಇರಬೇಕು ಎಂದು ಪೂರ್ತಿ ವಿವರಿಸಿದರು. ತಂಗಿ ತಮ್ಮ ಮನೆಗೂ ಅಂಥದ್ದೇ ಬೇಕೆಂದು ಮೇಸ್ತ್ರಿಯ ಫೋನ್ ನಂಬರು ಕೇಳಿದರು. ನಾನು ಮುಂದೆ ಬಂದು, ಸಿಂಕಿನ ಸೈಜಿನ ಬಗ್ಗೆ ಏನಾದರೂ ಕೇಳಬೇಕಿದ್ದರೆ ನನ್ನನ್ನು ಕೇಳಿ ಎಂದೆ.

ಇಬ್ಬರೂ ನನ್ನತ್ತ ನೋಡಿ, ಕೈಯಲ್ಲಿದ್ದ ಹುರುಳಿಕಾಯಿಯ ನಾರು ತೆಗೆಯುವುದನ್ನು ಮುಂದುವರಿಸಿದರು.