ಅಜ್ಜಿಯ ಕಣ್ಣಿನ ಮೇಲಿದ್ದ ಅಪವಾದ

ಇಂದು ಗುರುವಾರ, ಬೆಳಿಗ್ಗೆ, ಕೊಪ್ಪಳದ ಆಸ್ಪತ್ರೆ. ಹೋದ ವಾರ ಲಕ್ವಾ ಹೊಡೆದಿದ್ದ ನನ್ನ ತಮ್ಮನ ವರದಿ ನೋಡಿ ಡಾಕ್ಟರು ಹೇಳಿದರು: "ಹುಟ್ಟಿದಾಗಿಂದ ಹೃದಯದಾಗ ಸಣ್ಣ ತೂತು ಐತಿ. ಕಾಲಿನಾಗ ಹೆಪ್ಪುಗಟ್ಟಿದ ರಕ್ತ ಅದರಾಗ ಹಾದು ಮಿದುಳಿಗೆ ಹೋಗಿರಬೇಕು."

ಜೊತೆಗಿದ್ದ ತೊಂಬತ್ತರ ಅಜ್ಜಿ ಕೇಳಿದಳು, "ಭಾರ ಎತ್ತಿದ್ರ ಹಿಂಗ ಆಗತೈತೇನ್ರಿ?"

"ಉಸಿರು ಬಿಗಿಹಿಡಿದು ಎತ್ತಿದಾಗ ಆಗಬಹುದು. ಯಾಕಮ್ಮಾ?"

ಗೆಳೆಯರೇ, ಅಜ್ಜಿ ಆಗ ಹೇಳಿದ್ದು ರಜಾಕಾರರ ಗಲಾಟೆಗೂ ಹಿಂದಿನ ಮಾತು. ಹಿಟ್ನಾಳದಲ್ಲಿ ಅವಳ ಅಣ್ಣ ಪೈಲ್ವಾನರು ಬಲ ತೋರಿಸಲು ಎತ್ತುವ ಸಂಗ್ರಾಣಿ ಕಲ್ಲನ್ನು ಹೆಗಲಿಗೇರಿಸಿದ್ದ. "ನಮ್ಮಣ್ಣ ಆನಿ ಅದಾನ, ಆನಿ!" ಎಂದು ಇವಳು ಕುಣಿದಳು. ಅವನು ಅಲ್ಲೇ ಕುಸಿದ; ಬಲಗೈ ಮತ್ತೆ ಏಳಲಿಲ್ಲ. "ತಂಗಿ ನೆದರು ತಾಗೈತಿ" ಎಂದು ಊರು ಇವಳ ಕಣ್ಣಿನ ದೃಷ್ಟಿಯನ್ನೇ ದೂರಿತು. ಅಂದಿನಿಂದ ಅಜ್ಜಿ ಯಾವ ಕೂಸನ್ನೂ ನೆಟ್ಟಗೆ ನೋಡಿಲ್ಲ.

"ಹಂಗಾರ ನಮ್ಮಣ್ಣಗೂ ತೂತು ಇತ್ತೇನ್ರಿ?"

"ಈಗ ಹೇಳಾಕ ಬರಂಗಿಲ್ಲಮ್ಮಾ. ಆದ್ರ ನೆದರಿಗಂತೂ ಲಕ್ವಾ ಹೊಡಿಯಂಗಿಲ್ಲ."

ಆಟೋದಲ್ಲಿ ದಾರಿಯುದ್ದಕ್ಕೂ ಅಜ್ಜಿಯ ಬಾಯಲ್ಲಿ ಅಣ್ಣನ ಹೆಗಲು, ಅವನ ರುಮಾಲು, ಅವನ ನಗು. ಮನೆ ಬಂದಾಗ ಹೇಳಿದಳು, "ನಾಳೆ ಗಿಣಿಗೇರಾದಾಗ ಮರಿಮಗನ್ನ ತೊಟ್ಟಿಲಕ್ಕ ಹಾಕ್ತಾರಲ್ಲ, ನಾನೂ ಬರ್ತೀನಿ. ಕೂಸಿನ್ನ ಕಣ್ತುಂಬ ನೋಡಬೇಕು."

ಯಾವ ಸೀರೆ ಎಂಬುದಷ್ಟೇ ಇನ್ನೂ ತೀರ್ಮಾನವಾಗಿಲ್ಲ.