ಮೆಟ್ಟಿಲ ಮೇಲೆ ಕೂತ ಚಿಪ್ಪಿನ ರಾಣಿ

ಅಂಬುಜಾಗೆ ಏನನ್ನೂ ಎಸೆಯಲು ಮನಸ್ಸು ಬಾರದು. ರೈಲ್ವೆ ಗುಮಾಸ್ತ ರಮೇಶನ ಕೈಹಿಡಿದು ಮೈಸೂರಿನಿಂದ ಮದರಾಸಿನ ಕೋಡಂಬಾಕ್ಕಂಗೆ ಬಂದ ಮೇಲೆ ಮನೆಯ ಮೂಲೆಮೂಲೆಯಲ್ಲೂ ತೆಂಗಿನ ಚಿಪ್ಪು, ಹಳೆಯ ಲಗ್ನಪತ್ರಿಕೆ, ಒಡೆದ ಬಳೆ, ಟಿ. ನಗರದ ಸೀರೆ ಡಬ್ಬ. ಭಾನುವಾರ ಬಂತೆಂದರೆ ಕಟ್ಟಡದ ಮಕ್ಕಳೆಲ್ಲ ಅವಳ ನಡುಮನೆಯಲ್ಲಿ ಕೈಗೆಲ್ಲ ಅಂಟು ಮೆತ್ತಿಕೊಂಡು ಅದರಲ್ಲೇ ಗೊಂಬೆ ಮಾಡುತ್ತಾ ಕೂತಿರುತ್ತಿದ್ದವು. “ಅಲ್ಲ ಕಣೆ, ನಾನು ಸ್ವಲ್ಪ ಹೊತ್ತು ಅಲ್ಲಾಡದೆ ಕೂತ್ರೆ ನನಗೂ ಬಣ್ಣ ಬಳಿದುಬಿಡ್ತೀಯ” ಎಂದು ರಮೇಶ ರೇಗಿಸುತ್ತಿದ್ದ.

2001ರ ದಸರಾ ಬಂತು. ಕೆಳಗಿನ ಹಾಲ್‌ನಲ್ಲಿ ಎಲ್ಲ ಮನೆಯವರೂ ಸೇರಿ ಗೊಂಬೆ ಕೂರಿಸುವುದು ಅಲ್ಲಿನ ವಾಡಿಕೆ. ವರ್ಷಕ್ಕೊಂದು ಹೊಸ ಗೊಂಬೆ ಸೇರಲೇಬೇಕು. ಈ ಸಲದ್ದು ನಿಮ್ಮದೇ ಎಂದು ಅಂಬುಜಾ ಮಕ್ಕಳಿಗೆ ಮಾತು ಕೊಟ್ಟಿದ್ದಳು. ಪಕ್ಕದ ಮನೆಯ ಮೌನ ಎಂಬ ಪುಟ್ಟ ಹುಡುಗಿ ಚಿಪ್ಪಿಗೆ ಕಣ್ಣು ಬರೆದು, ನಾರಿನ ಜಡೆ ಹೆಣೆದು, ರಾಣಿಯೊಬ್ಬಳನ್ನು ಮಾಡಿ ತಂದಳು.

ಮೇಲಿನ ಮಹಡಿಯ ಜಯಲಕ್ಷ್ಮೀ ಮಾಮಿ ಮದರಾಸಿನಲ್ಲೇ ಹುಟ್ಟಿ ಬೆಳೆದ ಕನ್ನಡತಿ. ಗೊಂಬೆಯ ಯಜಮಾನಿಕೆಯೆಲ್ಲ ಅವರದೇ. ಅಮಾವಾಸ್ಯೆಯ ಸಂಜೆ ಅವರು ಆ ರಾಣಿಯನ್ನು ಎರಡೇ ಬೆರಳಲ್ಲಿ ಎತ್ತಿ ನೆಲಕ್ಕಿಟ್ಟರು.

“ಇದು ಗೊಂಬೆ ಕೊಲು ಅಮ್ಮಾ, ಕಸದ ಕುಪ್ಪೆತೊಟ್ಟಿ ಅಲ್ಲ. ಬರೋರೆಲ್ಲ ಏನು ನೆನೆಸ್ತಾರೆ?”

ಗೊಂಬೆಯನ್ನು ಮೌನ ಲಂಗದಲ್ಲಿ ಮುಚ್ಚಿಕೊಂಡಳು. ಅದನ್ನು ಕಂಡು ಅಂಬುಜಾಗೆ ಮೈಯೆಲ್ಲ ಉರಿದುಹೋಯಿತು. ತಾನು ಮಾಡಿದ್ದು ಕಸ ಎಂದು ಈ ಕೂಸು ಒಮ್ಮೆ ನಂಬಿಬಿಟ್ಟರೆ ಮತ್ತೆಂದೂ ಕತ್ತರಿ ಹಿಡಿಯುವುದಿಲ್ಲ. ತವರಿನವರು ಮದುವೆಯಲ್ಲಿ ಕೊಟ್ಟಿದ್ದ ತನ್ನ ಪಟ್ಟದ ಗೊಂಬೆಗಳನ್ನು ಹಾಲ್‌ನಿಂದ ಎತ್ತಿಕೊಂಡು ಅವಳು ಹೊರಟೇಬಿಟ್ಟಳು.

ಮರುದಿನ ಬೆಳಿಗ್ಗೆ ಮಾಮಿ ಹೂವು ತರಲು ಹೋಗಿ ಬರುವಷ್ಟರಲ್ಲಿ ಕಟ್ಟಡದ ಮೆಟ್ಟಿಲುಗಳೇ ತುಂಬಿಹೋಗಿದ್ದವು. ಹಾಲಿನ ಪ್ಯಾಕೆಟ್ಟಿನ ಹಂಸ, ತಾಳೆಗರಿಯ ಆನೆ, ಬೆಂಕಿಪೊಟ್ಟಣದ ಬಂಡಿ. ಹತ್ತುತ್ತಾ ಹೋದರೆ ಮಾಮಿಯ ಮನೆಯ ಹತ್ತಿರದ ಮೆಟ್ಟಿಲಲ್ಲಿ, ಪಟ್ಟದ ಗೊಂಬೆಗಳ ನಡುವೆ, ಚಿಪ್ಪಿನ ರಾಣಿ. ಮುಂದೆ ಕಲಶ, ದೀಪ. ಅಂಬುಜಾ ಆರತಿ ತಟ್ಟೆ ಕೆಳಗಿಡುತ್ತಿದ್ದಳು.

“ಎತ್ತು ಇದನ್ನ! ನಡೆಯೋ ದಾರಿ ಇದು.”

“ಆರತಿ ಎತ್ತಿದ ಗೊಂಬೇನ ದಶಮಿಗೆ ಮುಂಚೆ ಕದಲಿಸಬಾರದು, ನಿಮಗೆ ಗೊತ್ತಿರೋದೇ ಮಾಮಿ. ಬೇಕಾದ್ರೆ ನೀವೇ ಎತ್ತಿ. ನಾನಂತೂ ಮುಟ್ಟೋಲ್ಲ.”

ಮಾಮಿ ಕೈ ಚಾಚಿದರು. ಕಲಶವನ್ನು ನೋಡಿದರು. ಚಾಚಿದ ಕೈ ಹಿಂದಕ್ಕೆ ಬಂತು.

ಅಂಬುಜಾಳ ಸೆರಗಿನ ಹಿಂದಿದ್ದ ಮೌನ ಈಗ ಮುಂದೆ ಬಂದಳು. “ಓರಮಾ ಪೋಂಗ ಮಾಮಿ, ಪಕ್ಕದಲ್ಲಿ ಹೋಗಿ. ರಾಣಿ ಕೂತಿದಾಳೆ.”

ದಸರಾ ಮುಗಿಯುವವರೆಗೂ ಜಯಲಕ್ಷ್ಮೀ ಮಾಮಿ ಸೀರೆಯ ನೆರಿಗೆ ಎತ್ತಿಕೊಂಡು, ಗೋಡೆಗೆ ಒತ್ತಿಕೊಂಡು, ತಾವು ನೆಲಕ್ಕಿಟ್ಟಿದ್ದ ಗೊಂಬೆಗೆ ದಾರಿ ಬಿಟ್ಟುಕೊಟ್ಟೇ ತಮ್ಮ ಮನೆ ಸೇರಬೇಕಾಯಿತು.